ವಿಶ್ವವಿದ್ಯಾಲಯದ ಲಾಂಛನ

ಪದವಿ ಪಡೆದವರ ಮನೆಗಳಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಪದವಿಪತ್ರವನ್ನು ನೀವು ನೋಡಿರಬಹುದು. ಅದರ ಮೇಲಿರುವ ಚಿತ್ರವೇ ವಿಶ್ವವಿದ್ಯಾಲಯದ ಲಾಂಛನ. ಓದು ಬಾರದ ತಾಯಿಯೂ ಮೊದಲು ಗುರುತಿಸುವುದು ಅದನ್ನೇ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಲಾಂಛನದ ನಡುವೆ ಇರುವುದು ಎರಡು ತಲೆಯ ಗಂಡಭೇರುಂಡ ಪಕ್ಷಿ. ಇಕ್ಕೆಲಗಳಲ್ಲಿ ಸಿಂಹದ ಮೈಗೆ ಆನೆಯ ಮುಖ ಕೂಡಿದ ಶರಭಗಳು. ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಕುಲಾಧಿಪತಿಗಳಾಗಿದ್ದುದರಿಂದ ಅರಮನೆಯ ಗುರುತು ವಿದ್ಯಾಮಂದಿರಕ್ಕೂ ಬಂದುದು ಸಹಜವೇ. ಈ ಪಕ್ಷಿಯಾದರೋ ಒಡೆಯರಿಗಿಂತಲೂ ಹಳೆಯದು. ಬಳ್ಳಿಗಾವಿಯ ಹನ್ನೊಂದನೆಯ ಶತಮಾನದ ಕಂಬದ ಮೇಲೆ ಅದು ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿಯೂ ಇದೆ. ಸತ್ಯವನ್ನು ಎತ್ತಿಹಿಡಿಯುವೆನೆಂಬ ಅರಮನೆಯ ಪ್ರತಿಜ್ಞೆಯ ಜೊತೆಗೆ, ಜ್ಞಾನಕ್ಕೆ ಸಮನಾದುದಿಲ್ಲವೆಂಬ ಅರ್ಥದ ಗೀತೆಯ ನುಡಿಯೊಂದು ಸೇರಿತು. ಆ ನುಡಿಯಿಂದಲೇ ರಾಜಮುದ್ರೆ ವಿದ್ಯೆಯ ಮುದ್ರೆಯಾಯಿತೆಂದು ನನ್ನ ಎಣಿಕೆ.

ಲಾಂಛನವು ಉಗುರಿನಷ್ಟು ಕಿರಿದಾದಾಗಲೂ, ಘಟಿಕೋತ್ಸವದ ಪರದೆಯ ಮೇಲೆ ಆಳೆತ್ತರವಾದಾಗಲೂ ಒಂದೇ ಆಗಿ ಕಾಣಬೇಕು. ಬಣ್ಣವಿಲ್ಲದೆ, ಕಾಗದದ ಬರಿಯ ಉಬ್ಬಿನಲ್ಲಿಯೂ ತಿಳಿಯಬೇಕು. ದೀಪ, ಪುಸ್ತಕ, ಸೂರ್ಯ, ಕಮಲ ಎಲ್ಲವನ್ನೂ ತುರುಕಿದರೆ ಅದು ಸಂತೆಯಾದೀತು. ಅಲ್ಲದೆ ದೀಪವೂ ಪುಸ್ತಕವೂ ಎಲ್ಲರವು. ಯಾವ ನೆಲದ ವಿದ್ಯಾಲಯವೆಂಬುದನ್ನು ಅವು ಹೇಳಲಾರವು.

ಕೋಲಾರ ಚಿನ್ನದ ಗಣಿಯ ರೈಲುದಾರಿ ಕೊನೆಗೊಳ್ಳುವ ಮಾರಿಕುಪ್ಪಂನಲ್ಲಿ ಒಂದು ವಿಶ್ವವಿದ್ಯಾಲಯ ತಲೆಯೆತ್ತಿತೆಂದು ಭಾವಿಸೋಣ. ಅದರ ಲಾಂಛನವೇನಾಗಬೇಕು? ಚಿನ್ನದ ಗಟ್ಟಿ ಎಂದು ಹಲವರು ಹೇಳಿಯಾರು. ಆದರೆ ಚಿನ್ನ ಈ ಊರಿನಲ್ಲಿ ನಿಲ್ಲಲಿಲ್ಲ. ಗಣಿಗಳೂ 2001ರಲ್ಲಿ ಮುಚ್ಚಿದವು. ನಿಂತವರು ಅದನ್ನು ತೆಗೆದವರ ಮಕ್ಕಳು. ಅವರಲ್ಲಿ ತಮಿಳು, ತೆಲುಗು, ಕನ್ನಡ ಆಡುವವರೆಲ್ಲ ಉಂಟು. ಗಣಿಯ ಬಾವಿಯ ಮೇಲೆ ನಿಂತ ಉಕ್ಕಿನ ಗೋಪುರವಾದರೆ ಅಕ್ಷರದ ಹಂಗಿಲ್ಲದೆ ಇವರೆಲ್ಲರಿಗೂ ತಿಳಿಯುತ್ತದೆ.

ಅದು ದುಡಿಮೆಯ ಗುರುತು, ವಿದ್ಯೆಯದಲ್ಲ ಎನ್ನುವಿರಾ? 1965ರಲ್ಲಿ ಇದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಕಂಡರು. ಇತರ ಕಣಗಳನ್ನು ಬಹುಮಟ್ಟಿಗೆ ಮೇಲಿನ ಬಂಡೆಯೇ ತಡೆದಿತ್ತು. ಕೂಲಿಗಾಗಿ ಇಳಿದವರೂ ಅರಿವಿಗಾಗಿ ಇಳಿದವರೂ ನಂಬಿದ್ದುದು ಗೋಪುರದ ಗಾಲಿಯಿಂದ ಇಳಿಬಿದ್ದ ಉಕ್ಕಿನ ಹಗ್ಗವನ್ನು. ಚಿತ್ರಕಾರನು ಆ ಒಂದು ಗೆರೆಯನ್ನು ಮರೆಯದೆ ಬರೆಯಲಿ.