ಸವೆದ ಬಣ್ಣ, ಚಕ್ಕೆಯೆದ್ದ ಬಣ್ಣ

ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಹೊಸದಾಗಿ ಕಪ್ಪು ಬಣ್ಣ ಹೊಡೆಸುವವರು ಮೊದಲು ವಿಚಾರಿಸುವುದು ಪೇಂಟ್ ಯಾವ ಕಂಪನಿಯದು ಎಂದು. ಆದರೆ ಬಾಳಿಕೆ ಬರುವುದು ಡಬ್ಬದೊಳಗಿನ ಪೇಂಟಿಗಿಂತ ಹೆಚ್ಚಾಗಿ ಅದರಡಿಯ ಲೋಹವನ್ನು ಹದಮಾಡಿದ ರೀತಿಯಿಂದ. ಸಾಕ್ಷಿ ಕ್ಯಾಮೆರಾದ ಮೈಮೇಲೇ ಇದೆ. 1954ರಲ್ಲಿ ಬಂದ ಲೈಕಾ ಎಂ3ಯ ಮೇಲ್ಮುಚ್ಚಳ ಹಿತ್ತಾಳೆಯದು. ದಶಕಗಟ್ಟಲೆ ಕೈಯಾಡಿದ ಅಂಥ ಕಪ್ಪು ಕ್ಯಾಮೆರಾದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದರೆ, ಕಪ್ಪು ತೆಳುವಾಗುತ್ತ ಆಗುತ್ತ ಕೊನೆಗೆ ಹಿತ್ತಾಳೆ ಹೊಳೆಯುತ್ತದೆ. ಇದು ಸವೆತ. ಕಳಪೆ ಕೆಲಸದಲ್ಲಾದರೆ ಬಣ್ಣ ಹೋದ ಜಾಗದ ಅಂಚು ಮೆಟ್ಟಿಲಿನಂತೆ ಕಡಿದಾಗಿರುತ್ತದೆ, ಉಗುರು ತಾಗಿದರೆ ಇನ್ನೊಂದು ಚಕ್ಕೆ ಏಳುತ್ತದೆ. ಅಲ್ಲಿ ಬಣ್ಣ ಗಟ್ಟಿಯಾಗಿಯೇ ಇದೆ, ಸೋತದ್ದು ಹಿಡಿತ. ಬೆರಳಿನ ಜಿಡ್ಡು, ಲೋಹದ ಮೇಲಿನ ಆಕ್ಸೈಡ್ ಪೊರೆ, ಪೂರ್ತಿ ತೆಗೆಯದೆ ಬಿಟ್ಟ ಹಳೆಯ ಕ್ರೋಮ್ ಲೇಪ ಇವೆಲ್ಲ ಆ ಹಿಡಿತದ ವೈರಿಗಳು. ಆದ್ದರಿಂದ ಜಿಡ್ಡು ತೆಗೆದು, ಮೈಯನ್ನು ನವಿರಾಗಿ ತರಿಯಾಗಿಸಿ, ಲೋಹವನ್ನು ಕಚ್ಚುವ ಪ್ರೈಮರ್ ಕೊಟ್ಟು, ಬೇಯಿಸುವ ಎನಾಮಲ್ಲನ್ನು ತೆಳ್ಳಗೆ ಹಲವು ಸಲ ಹೊಡೆಯಬೇಕು. ಓವನ್ನಿನ ಶಾಖಕ್ಕೆ ಎನಾಮಲ್ಲಿನ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಶಟರ್ ಬಟ್ಟೆ, ಲೆನ್ಸಿನ ಅಂಟು ಆ ಶಾಖವನ್ನು ತಾಳಲಾರವು, ಹಾಗಾಗಿ ಕ್ಯಾಮೆರಾ ಬಿಚ್ಚದೆ ಮಾಡುವ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ.

ದಪ್ಪಗೆ ಬಳಿದುಬಿಟ್ಟರಾಗದೇ ಎನ್ನಬಹುದು. ದಪ್ಪ ಬಣ್ಣ ಕೆತ್ತಿದ ಅಕ್ಷರಗಳನ್ನು ತುಂಬಿಬಿಡುತ್ತದೆ, ಡಯಲ್‌ಗಳು ಸಿಕ್ಕಿಕೊಳ್ಳುತ್ತವೆ. ಎಷ್ಟು ಬಳಿದರೂ ಹಸಿ ಬಣ್ಣ ಮೇಲ್ಮೈ ಸೆಳೆತದಿಂದ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಹಿತ್ತಾಳೆ ಮೊದಲು ಇಣುಕುವುದು ಅಂಚಿನಲ್ಲೇ ಏಕೆ ಎಂಬುದಕ್ಕೆ ಕೈಯ ಉಜ್ಜಾಟದ ಜೊತೆಗೆ ಇದೂ ಕಾರಣ. ಕೋಲಾರ ಜಿಲ್ಲೆಯ ಲಕ್ಕೂರು, ಮಾಲೂರು ಸೀಮೆಯಲ್ಲಿ ಕೇಳಬಹುದಾದ ಆಕ್ಷೇಪಣೆ ಇನ್ನೊಂದು: ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಈ ದೂಳಿನಲ್ಲಿ ಯಾವ ಬಣ್ಣ ತಾನೇ ನಿಂತೀತು? ಮಣ್ಣಿನ ದೂಳಿನಲ್ಲಿರುವ ಬೆಣಚುಕಲ್ಲಿನ ಕಣಕ್ಕೆ ಮೋಸ್ ಮಾಪನದಲ್ಲಿ 7ರ ಗಡಸುತನ; ಅದು ಗಾಜನ್ನೇ ಗೀರುತ್ತದೆ, ಬಣ್ಣವನ್ನು ಸವೆಸುವುದಂತೂ ಖಂಡಿತ. ಆದರೆ ದೂಳು ಮೇಲಿನಿಂದ ಉಜ್ಜುತ್ತದೆಯೇ ಹೊರತು ಅಡಿಗೆ ನುಗ್ಗಿ ಚಕ್ಕೆ ಎಬ್ಬಿಸುವುದಿಲ್ಲ. ಅಡಿಗೆ ನುಗ್ಗುವುದು ತೇವ ಮತ್ತು ಉಪ್ಪು. 1984ರಲ್ಲಿ ಬಂದ ಲೈಕಾ ಎಂ6ರ ಮುಚ್ಚಳ ಸತುವಿನ ಎರಕದ್ದು. ಲೇಪದಡಿಯಲ್ಲಿ ಲೋಹವೇ ತುಕ್ಕು ಹಿಡಿದು ಗುಳ್ಳೆಯೆದ್ದ ಎಂ6ಗಳು ಸಂಗ್ರಾಹಕರಿಗೆ ಚೆನ್ನಾಗಿ ಗೊತ್ತು. ಈ ಲೆಕ್ಕದಲ್ಲಿ ಮಂಗಳೂರಿನ ಕಡಲ ಗಾಳಿಗಿಂತ ಕೋಲಾರದ ಒಣಹವೆ ಎಷ್ಟೋ ವಾಸಿ, ಕೈಬೆವರನ್ನು ಒರೆಸಿಟ್ಟರೆ ಸಾಕು.

ಸವೆದ ಕಪ್ಪಿನಡಿ ಹಿತ್ತಾಳೆ ಇಣುಕುವುದೇ ಚೆಂದ, ಬಾಳಿಕೆಯ ಗೊಡವೆ ಯಾಕೆ ಎನ್ನುವವರೂ ಇದ್ದಾರೆ. ಆ ಚೆಂದ ನನಗೂ ಇಷ್ಟ. ಆದರೆ ಹಿಡಿತ ಭದ್ರವಾಗಿದ್ದರೆ ಮಾತ್ರ ಬಣ್ಣ ಹಾಗೆ ನಿಧಾನವಾಗಿ ಸವೆದೀತು. ಅದನ್ನು ಪರೀಕ್ಷಿಸಲು ಕ್ಯಾಮೆರಾವನ್ನು ಗೀರಬೇಕಿಲ್ಲ. ಮುಚ್ಚಳದ ಜೊತೆಗೇ ಹದಮಾಡಿ, ಬಣ್ಣ ಹೊಡೆದು, ಬೇಯಿಸಿದ ಹಿತ್ತಾಳೆಯ ತುಂಡೊಂದನ್ನು ಕೆಲಸಗಾರರಿಂದ ಕೇಳಿ ಪಡೆಯಬೇಕು. ಅದರ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಅಂಟಿಸಿ ಒಂದೇ ಏಟಿಗೆ ಕೀಳಬೇಕು. ಚೌಕಗಳು ಟೇಪಿನ ಜೊತೆ ಎದ್ದು ಬಂದರೆ ಕ್ಯಾಮೆರಾವನ್ನು ಜೋಡಿಸುವ ಮೊದಲೇ ಬಣ್ಣ ತೆಗೆಸಿ, ಮತ್ತೆ ಹೊಡೆಸುವುದು ಒಳ್ಳೆಯದು.