ಭುಜದ ನೋವಿಗೆ ಪಿಆರ್‌ಪಿ ಇಂಜೆಕ್ಷನ್: ಹಾಕಿಸುವ ಮೊದಲು ತಿಳಿದಿರಲಿ

ಹೈನುಗಾರ ಸೋದರಿಯರೇ,

ಹಸುವಿನ ತೊಂದರೆ ಹೇಳಿ ಮುಗಿಸಿದ ಮೇಲೆ ನಿಮ್ಮಲ್ಲಿ ಹಲವರು, "ಡಾಕ್ಟ್ರೇ, ನನ್ನ ಕೈಯೇ ಮೇಲೆತ್ತಕ್ಕೆ ಆಗಲ್ಲ" ಎನ್ನುತ್ತೀರಿ. ಪಟ್ಟಣದಲ್ಲಿ ಹಾಕುವ ಪಿಆರ್‌ಪಿ ಇಂಜೆಕ್ಷನ್ ಬಗ್ಗೆಯೂ ಕೇಳುತ್ತೀರಿ. ನಿಮ್ಮ ಭುಜವನ್ನು ಮೂಳೆ ವೈದ್ಯರೇ ನೋಡಬೇಕು. ಆದರೆ ಕುದುರೆಗಳ ಕಾಲಿನ ಗಾಯಕ್ಕೂ ಇದೇ ಚಿಕಿತ್ಸೆ ಇರುವುದರಿಂದ, ಅದು ಹೇಗೆ ಕೆಲಸ ಮಾಡುತ್ತದೆಂದು ಹೇಳಬಲ್ಲೆ.

ಭುಜದಲ್ಲಿ ಆಗುವುದೇನು?

ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹಗ್ಗದಂಥ ಪಟ್ಟಿಯೇ ಸ್ನಾಯುರಜ್ಜು. ವರ್ಷಗಟ್ಟಲೆ ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಎತ್ತಿದಾಗ ಅದರ ಎಳೆಗಳು ಸವೆಯಬಹುದು. ಅಲ್ಲಿ ರಕ್ತ ಸಂಚಾರ ಕಡಿಮೆ. ಆದ್ದರಿಂದ ಗಾಯ ನಿಧಾನವಾಗಿ ಮಾಯುತ್ತದೆ.

ಪಿಆರ್‌ಪಿ ಎಂದರೇನು?

ಫ್ಯಾಟ್ ಪರೀಕ್ಷೆಗೆ ಹಾಲಿನ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಹಗುರವಾದ ಕೊಬ್ಬು ಮೇಲೆ ಬರುತ್ತದಲ್ಲವೇ? ಹಾಗೆಯೇ ನಿಮ್ಮ ತೋಳಿನಿಂದ ತೆಗೆದ ರಕ್ತವನ್ನು ತಿರುಗಿಸುತ್ತಾರೆ. ಭಾರದ ಕೆಂಪು ಕಣಗಳು ಕೆಳಗಿಳಿಯುತ್ತವೆ. ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ, ಸ್ಕ್ಯಾನಿಂಗ್ ನೋಡುತ್ತಾ ಗಾಯದ ಜಾಗಕ್ಕೆ ಚುಚ್ಚುತ್ತಾರೆ. ಡೆಂಗಿ ಬಂದಾಗ ಎಣಿಸುವ ಪ್ಲೇಟ್‌ಲೆಟ್ ಇದೇ. ರಕ್ತ ಹೆಪ್ಪುಗಟ್ಟಿಸುವುದರ ಜೊತೆಗೆ, ಗಾಯ ದುರಸ್ತಿಗೆ ಬೇಕಾದ ಅಂಶಗಳನ್ನೂ ಇವು ಬಿಡುಗಡೆ ಮಾಡುತ್ತವೆ.

ಎಲ್ಲರಿಗೂ ಗುಣವಾಗುತ್ತದೆಯೇ?

ಇಲ್ಲ. ಕೆಲವು ಅಧ್ಯಯನಗಳಲ್ಲಿ ನೋವು ತಗ್ಗಿದೆ. ಇನ್ನು ಕೆಲವುಗಳಲ್ಲಿ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚಿನ ಲಾಭ ಕಂಡಿಲ್ಲ. ಹಗ್ಗ ಪೂರ್ತಿ ಹರಿದಿದ್ದರೆ ಪಿಆರ್‌ಪಿ ಅದನ್ನು ಮತ್ತೆ ಮೂಳೆಗೆ ಕಟ್ಟಲಾರದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಾಗಿ ಕಾಣುವ 'ಭುಜ ಬಿಗಿತ' ಬೇರೆಯೇ ಕಾಯಿಲೆ. ಹಾಗಾಗಿ ಮೊದಲು ಪರೀಕ್ಷೆ, ನಂತರ ವ್ಯಾಯಾಮ ಚಿಕಿತ್ಸೆ. ಅದರಿಂದಲೇ ಅನೇಕರು ಸುಧಾರಿಸುತ್ತಾರೆ.

ಬಟವಾಡೆ ಹಣ ಕೊಡುವ ಮೊದಲು ಕೇಳಿ:

• ಎಳೆ ಸವೆದಿದೆಯೇ, ಪೂರ್ತಿ ಹರಿದಿದೆಯೇ?
• ವ್ಯಾಯಾಮದಿಂದಲೇ ವಾಸಿಯಾಗಬಹುದೇ?
• ಎಷ್ಟು ಇಂಜೆಕ್ಷನ್, ಒಟ್ಟು ಖರ್ಚೆಷ್ಟು?

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಇಂಜೆಕ್ಷನ್ ಆದ ಕೆಲವು ದಿನ ನೋವು ಹೆಚ್ಚಬಹುದು; ಆಗ ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಮಾಯಲು ವಾರಗಳು, ತಿಂಗಳುಗಳೇ ಬೇಕು. ಅಷ್ಟು ದಿನ ಹೊರೆ ಹೊರುವ ಕೆಲಸವನ್ನು ಮನೆಯವರು ಹಂಚಿಕೊಳ್ಳಲಿ.

ಕೊನೆಯದಾಗಿ, ಹಸುವಿಗೆ ತಂದ ನೋವಿನ ಔಷಧಿಯನ್ನು ನೀವು ಬಳಸಲೇಬೇಡಿ. ಅದರ ಪ್ರಮಾಣ ಹಸುವಿನ ತೂಕಕ್ಕೆ ಲೆಕ್ಕ ಹಾಕಿದ್ದು, ನಿಮ್ಮದಕ್ಕಲ್ಲ.

– ಪಶುವೈದ್ಯಾಧಿಕಾರಿ