ಹೀರೋ, ಹೀರೋಯಿನ್, ದೇವರು: ಭಕ್ತಿ ಬೆರೆತ ಪ್ರೇಮ ಕಾದಂಬರಿಗಳನ್ನ ಓದೋದು ಹೇಗೆ?

ಇವತ್ತಿನ ಸಂಚಿಕೆ ಒಂದು ಜಾತಿಯ ಕಾದಂಬರಿಗಳ ಬಗ್ಗೆ. ಪ್ರೇಮಕಥೆ ಇರುತ್ತೆ, ಬಹಳ ಸಲ ಹಳೇ ಕಾಲದ್ದಾಗಿರುತ್ತೆ, ಆದರೆ ಕಥೆಯಲ್ಲಿ ಇಬ್ಬರಲ್ಲ, ಮೂವರು ಇರ್ತಾರೆ: ಹೀರೋ, ಹೀರೋಯಿನ್, ದೇವರು.

ಅಮೆರಿಕದಲ್ಲಿ ಇದಕ್ಕೆ ಪುಸ್ತಕದಂಗಡಿಯಲ್ಲಿ ಬೇರೆ ಕಪಾಟೇ ಇದೆ. ಇನ್‌ಸ್ಪಿರೇಷನಲ್ ರೊಮ್ಯಾನ್ಸ್ ಅಂತಾರೆ. ಇವತ್ತಿನ ರೂಪದ ಆರಂಭ ಅಂತ ಸಾಮಾನ್ಯವಾಗಿ ತೋರಿಸೋದು ಕೆನಡಾದ ಜಾನೆಟ್ ಓಕ್ ಬರೆದ 'ಲವ್ ಕಮ್ಸ್ ಸಾಫ್ಟ್ಲಿ' ಕಾದಂಬರಿಯನ್ನ. 1979ರಲ್ಲಿ ಬಂತು. ಅದು ಓಡಿದ ಮೇಲೆ ಪ್ರಕಾಶಕರಿಗೆ ಮಾರ್ಕೆಟ್ ಕಾಣಿಸ್ತು. ನಾನು ಬಿಕಾಂ ಓದಿದವನು, ಆ ಭಾಗ ನನಗೆ ಬೇಗ ಅರ್ಥ ಆಗುತ್ತೆ. ಬಿಸಿ ಬಿಸಿ ಪ್ರೇಮಕಥೆಗಳಿಗೆ ಹೆಸರಾದ ಹಾರ್ಲೆಕ್ವಿನ್ ಕಂಪನಿ ಕೂಡ 1997ರಲ್ಲಿ 'ಲವ್ ಇನ್‌ಸ್ಪೈರ್ಡ್' ಅಂತ ಕ್ರೈಸ್ತ ಪ್ರೇಮ ಕಾದಂಬರಿಗಳ ಸಾಲು ಶುರು ಮಾಡ್ತು. ಅದೇ ವರ್ಷ ಬೆವರ್ಲಿ ಲೂಯಿಸ್ ಅವರ 'ದ ಶನ್ನಿಂಗ್' ಬಂತು. ಕುದುರೆ ಗಾಡಿ ಓಡಿಸ್ಕೊಂಡು, ಆಧುನಿಕ ಸವಲತ್ತುಗಳನ್ನ ದೂರ ಇಟ್ಟು ಬದುಕೋ ಆಮಿಶ್ ಸಮುದಾಯದ ಕಥೆ. ಅದರ ಹಿಂದೆ ಆಮಿಶ್ ಪ್ರೇಮಕಥೆಗಳ ದೊಡ್ಡ ಮೆರವಣಿಗೆಯೇ ಬಂತು. ತಮಾಷೆ ಅಂದ್ರೆ ಅವನ್ನ ಬರೆಯೋರೂ ಓದೋರೂ ಹೆಚ್ಚಿನವರು ಆಮಿಶ್ ಅಲ್ಲ.

ನಾನು ಈ ಕಪಾಟಿಗೆ ಹೋದದ್ದು ಸುಮ್ಮನೆ ಅಲ್ಲ. ನಾನು ಮದುವೆ ಆಗಬೇಕು ಅಂದುಕೊಂಡಿರೋ ಹುಡುಗಿ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವಳು. ನಮ್ಮದು ದಾವಣಗೆರೆ ಕಡೆ ಲಿಂಗಾಯತ ಮನೆ. ಎರಡೂ ಮನೆಯಲ್ಲಿ ಜಗಳ ಏನಿಲ್ಲ, ಪ್ರಶ್ನೆಗಳಿವೆ. ನಮ್ಮವ್ವ ಕೇಳಿದ್ದು, "ಮದುವಿ ಆದ್ಮ್ಯಾಲ ಆಕಿ ಲಿಂಗ ಕಟ್ಟಿಕೊಳ್ತಾಳೇನೋ?" ಅವರ ಅಪ್ಪ ಕೇಳಿದ್ದು, "ಮಕ್ಕಳಿಗೆ ಜ್ಞಾನಸ್ನಾನ ಮಾಡಿಸ್ತೀರಾ ಇಲ್ವಾ, ಅದೊಂದು ಹೇಳಿ." ಇಬ್ಬರಿಗೂ ಉತ್ತರ ಕೊಡೋಕೆ ನನಗೆ ಬರಲಿಲ್ಲ. ಆ ಹೊತ್ತಲ್ಲಿ ಅವಳು ತನ್ನ ಫೋನಿಂದ ಎರಡು ಪುಸ್ತಕ ಕಳಿಸಿದ್ಲು. ಎರಡೂ ಫ್ರಾನ್ಸೀನ್ ರಿವರ್ಸ್ ಅನ್ನೋ ಅಮೆರಿಕನ್ ಲೇಖಕಿಯವು.

ಮೊದಲನೆಯದು 'ರಿಡೀಮಿಂಗ್ ಲವ್'. ರಿವರ್ಸ್ ಮೊದಲು ಮಾಮೂಲಿ ಪ್ರೇಮ ಕಾದಂಬರಿ ಬರೀತಿದ್ದವರು, 1986ರಲ್ಲಿ ಕ್ರೈಸ್ತ ನಂಬಿಕೆಗೆ ಗಟ್ಟಿಯಾಗಿ ತಿರುಗಿದ್ರು, 1991ರಲ್ಲಿ ಈ ಪುಸ್ತಕ ಬಂತು. ಮೊದಲು ಸಾಮಾನ್ಯ ಪ್ರಕಾಶನ ಸಂಸ್ಥೆಯಿಂದ ಬಂದಿತ್ತು. 1997ರಲ್ಲಿ ಪರಿಷ್ಕರಿಸಿ ಕ್ರೈಸ್ತ ಪ್ರಕಾಶನದಿಂದ ಮತ್ತೆ ತಂದ್ರು. 2022ರಲ್ಲಿ ಸಿನಿಮಾನೂ ಆಯ್ತು. ಕಥೆ 1850ರ ಕ್ಯಾಲಿಫೋರ್ನಿಯಾದ್ದು, ಚಿನ್ನ ಹುಡುಕೋಕೆ ಜನ ಮುಗಿಬಿದ್ದಿದ್ದ ಕಾಲ. ಚಿಕ್ಕ ವಯಸ್ಸಲ್ಲೇ ವೇಶ್ಯಾವಾಟಿಕೆಗೆ ಮಾರಾಟವಾದ ಏಂಜೆಲ್, ಅವಳನ್ನೇ ಮದುವೆಯಾಗು ಅಂತ ದೇವರು ಹೇಳಿದ ಅಂತ ನಂಬಿರೋ ರೈತ ಮೈಕಲ್ ಹೋಸೇಯ. ಬೈಬಲ್ಲಿನ ಹೋಸೇಯನ ಕಥೆಯನ್ನೇ ಇಲ್ಲಿಗೆ ತಂದಿದ್ದಾರೆ. ಅವಳು ಓಡಿಹೋಗ್ತಾಳೆ, ಇವನು ಕರ್ಕೊಂಡು ಬರ್ತಾನೆ, ಮತ್ತೆ ಓಡ್ತಾಳೆ. ಕೊನೆಗೆ ತಾನಾಗೇ ಬರ್ತಾಳೆ. ಓದಿಸ್ಕೊಂಡು ಹೋಗುತ್ತೆ, ಸುಳ್ಳು ಹೇಳಲ್ಲ. ಆದರೆ "ದೇವರು ಹೇಳಿದ, ಅದಕ್ಕೆ ನಿನ್ನನ್ನ ಬಿಡಲ್ಲ" ಅನ್ನೋ ಗಂಡಸು ಕಥೆಯಲ್ಲಿ ಎಷ್ಟೇ ಒಳ್ಳೆಯವನಾಗಿದ್ರೂ ನಿಜ ಜೀವನದಲ್ಲಿ ಬಾಗಿಲು ತಟ್ಟಿದ್ರೆ ನಾನು ಪೊಲೀಸರಿಗೆ ಫೋನ್ ಮಾಡ್ತೀನಿ. ಇದನ್ನ ಅವಳಿಗೂ ಹೇಳಿದೆ. "ನಾನೂ ಅಷ್ಟೇ" ಅಂದ್ಲು.

ನನಗೆ ತಾಕಿದ್ದು ಎರಡನೇ ಪುಸ್ತಕ, 'ಎ ವಾಯ್ಸ್ ಇನ್ ದ ವಿಂಡ್', 1993ರದ್ದು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮನ್ನ ನೆಲಸಮ ಮಾಡಿದ ಮೇಲೆ ಗುಲಾಮಳಾಗಿ ರೋಮಿಗೆ ಬರೋ ಹದಸ್ಸಾ ಅನ್ನೋ ಹುಡುಗಿ. ಹುಟ್ಟಿನಿಂದ ಯೆಹೂದಿ, ನಂಬಿಕೆಯಲ್ಲಿ ಕ್ರೈಸ್ತಳು. ಯಜಮಾನರ ಮಗ ಮಾರ್ಕಸ್ ಅವಳನ್ನ ಪ್ರೀತಿಸ್ತಾನೆ, ಮದುವೆ ಆಗು ಅಂತಾನೆ. ಗುಲಾಮಳಿಗೆ ಅದು ಬಿಡುಗಡೆಯ ದಾರಿ. ಅವಳಿಗೂ ಅವನ ಮೇಲೆ ಮನಸ್ಸಿದೆ. ಆದರೂ ಆಗಲ್ಲ ಅಂತಾಳೆ, ಯಾಕಂದ್ರೆ ಅವನಿಗೆ ಅವಳ ದೇವರಲ್ಲಿ ನಂಬಿಕೆ ಇಲ್ಲ. ಮುಂದಿನ ಭಾಗದಲ್ಲಿ ಅವನಿಗೆ ನಂಬಿಕೆ ಹುಟ್ಟುತ್ತೆ, ಆಮೇಲೆ ಇಬ್ಬರೂ ಒಂದಾಗ್ತಾರೆ.

ಈ ಕಪಾಟಿನ ಎಂಜಿನ್ ಇರೋದು ಇಲ್ಲೇ. ಮಾಮೂಲಿ ಪ್ರೇಮಕಥೆಯಲ್ಲಿ ಅಡ್ಡಿ ಅಂದ್ರೆ ಅಪ್ಪ, ದುಡ್ಡು, ವಿಲನ್. ಇಲ್ಲಿ ಅಡ್ಡಿ ಒಳಗಡೆ ಇದೆ. ಕೊರಿಂಥದವರಿಗೆ ಪೌಲ ಬರೆದ ಎರಡನೇ ಪತ್ರದ 6ನೇ ಅಧ್ಯಾಯದಲ್ಲಿ ನಂಬದವರ ಜೊತೆ ಒಂದೇ ನೊಗಕ್ಕೆ ಹೆಗಲು ಕೊಡಬೇಡಿ ಅನ್ನೋ ಅರ್ಥದ ಮಾತಿದೆ. ಈ ಬರಹಗಾರರಲ್ಲಿ ಬಹಳ ಜನ ಅದನ್ನ ಮದುವೆಗೆ ಅನ್ವಯಿಸ್ತಾರೆ. ಹಾಗಾಗಿ ಕಥೆ ಸುಖಾಂತ ಆಗಬೇಕಾದ್ರೆ ಒಬ್ಬರು ಇನ್ನೊಬ್ಬರ ನಂಬಿಕೆಗೆ ಬರಲೇಬೇಕು. ಆ ಕಡೆ ಓದುಗರು ಇದನ್ನ ನಿರೀಕ್ಷೆ ಮಾಡೇ ಪುಸ್ತಕ ಕೊಳ್ತಾರೆ. ನಮ್ಮಲ್ಲಿ ಸಿನಿಮಾಗೆ ಹೋದೋರು ಫೈಟ್ ಇರುತ್ತೆ ಅಂತ ನಂಬಿಕೊಂಡು ಹೋಗೋ ಹಾಗೆ.

ಅವಳಿಗೆ ಮೆಸೇಜ್ ಹಾಕಿದೆ: "ಎಲ್ಲಾ ಕಥೆಯಲ್ಲೂ ಒಬ್ಬರು ಬದಲಾಗಲೇಬೇಕಾ?" ಅವಳ ಉತ್ತರ: "ನಿಮ್ಮ ಕಡೆ ಪುಸ್ತಕದಲ್ಲಿ ಬದಲಾಗದೇ ಇದ್ದೋರು ಇದ್ರೆ ಕೊಡು."

ಅಲ್ಲಿಂದ ನಾನು ಶಾಂತಲೆ ಹತ್ತಿರ ಬಂದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ. ಕನ್ನಡದಲ್ಲಿ ಅವಳ ಮೇಲೆ ಎರಡು ಹೆಸರಾಂತ ಕಾದಂಬರಿಗಳಿವೆ. ಒಂದು ಕೆ.ವಿ. ಅಯ್ಯರ್ ಅವರ 'ಶಾಂತಲಾ'. ಈ ಅಯ್ಯರ್ ಬೆಂಗಳೂರಲ್ಲಿ ಹರ್ಕ್ಯುಲಿಸ್ ಅಂತ ವ್ಯಾಯಾಮಶಾಲೆ ನಡೆಸ್ತಿದ್ದ ದೇಹದಾರ್ಢ್ಯ ಪಟು. ಜಿಮ್ ಮಾಲೀಕರು ಐತಿಹಾಸಿಕ ಪ್ರೇಮ ಕಾದಂಬರಿ ಬರೆದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಇನ್ನೊಂದು ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ', ನಾಲ್ಕು ಸಂಪುಟ. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಇದಕ್ಕೆ ಬಂತು. ಕಥೆ ಅವಳ ಬಾಲ್ಯದಿಂದ, ಹೆಗ್ಗಡೆ ಮಾರಸಿಂಗಯ್ಯನ ಮನೆಯಿಂದ ಶುರುವಾಗುತ್ತೆ. ನಿಧಾನ ಇದೆ, ರೀಲ್ಸ್ ನೋಡೋ ಬೆರಳಿಗೆ ಮೊದಲ ನೂರು ಪುಟ ಕಷ್ಟ. ಆಮೇಲೆ ಕೆಳಗಿಡೋಕಾಗಲ್ಲ.

ಈಗ ಕಾದಂಬರಿ ಪಕ್ಕಕ್ಕಿಟ್ಟು ಶಾಸನಗಳು ಏನು ಹೇಳ್ತವೆ ನೋಡಿ. ಶಾಂತಲೆಯ ಅಪ್ಪ ಶೈವ, ಅಮ್ಮ ಮಾಚಿಕಬ್ಬೆ ಜೈನಳು, ಮಗಳೂ ಜೈನಳು. ಗಂಡ 1117ರಲ್ಲಿ ಬೇಲೂರಿನ ಚೆನ್ನಕೇಶವ ಗುಡಿ ಪ್ರತಿಷ್ಠೆ ಮಾಡಿಸಿದ. ರಾಮಾನುಜರ ಪ್ರಭಾವದಿಂದ ಬಿಟ್ಟಿದೇವ ವಿಷ್ಣುವರ್ಧನ ಆದ ಅನ್ನೋ ಕಥೆ ನಿಮಗೆಲ್ಲ ಗೊತ್ತು. ಅಮೆರಿಕದ ಕಪಾಟಿನ ಸೂತ್ರದ ಪ್ರಕಾರ ಈಗ ರಾಣಿ ಬದಲಾಗಬೇಕು, ಇಲ್ಲ ದೂರ ಆಗಬೇಕು. ಎರಡೂ ಆಗಲಿಲ್ಲ. ಬೇಲೂರಲ್ಲೇ ಅವಳು ಒಂದು ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಆರು ವರ್ಷ ಆದ ಮೇಲೆ, 1123ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ, ಅಂದ್ರೆ ಸವತಿಯರ ಪಾಲಿಗೆ ಮದ್ದಾನೆ. ಅವಳ ಬಿರುದು ಅದು. ಅಬ್ಬಾ, ಇನ್‌ಸ್ಟಾ ಬಯೋ ಅಂದ್ರೆ ಹೀಗಿರಬೇಕು! ಹಳೇಬೀಡಿನ ದೊಡ್ಡ ಶಿವಾಲಯದಲ್ಲಿ ಎರಡು ಲಿಂಗ, ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಜೈನ ರಾಣಿಯ ಹೆಸರಲ್ಲಿ ಶಿವಲಿಂಗ.

ಗಂಡನ ಕಡೆ ಲೆಕ್ಕಾನೂ ನೋಡಿ. ಚೋಳರಿಂದ ತಲಕಾಡು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ. 1133ರಲ್ಲಿ ಅವನ ಮಗ ಬೊಪ್ಪ ಹಳೇಬೀಡಲ್ಲಿ ಪಾರ್ಶ್ವನಾಥ ಬಸದಿ ಪ್ರತಿಷ್ಠೆ ಮಾಡಿಸಿ, ಅದರ ಪ್ರಸಾದ ಬಂಕಾಪುರದಲ್ಲಿದ್ದ ರಾಜನಿಗೆ ಹೋಯ್ತು. ಯುದ್ಧ ಗೆದ್ದ ಸುದ್ದಿ, ಮಗ ಹುಟ್ಟಿದ ಸುದ್ದಿ ಎರಡೂ ಆಗಲೇ ಬಂದಿತ್ತು. ಆ ಖುಷಿಗೆ ದೇವರಿಗೆ ವಿಜಯ ಪಾರ್ಶ್ವ ಅಂತ, ಮಗನಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ಒಬ್ಬನೇ ಮನುಷ್ಯ, ಒಂದೇ ದಿನ, ಎರಡು ಸಂಪ್ರದಾಯದ ಹೆಸರು.

ಹಾಗಾದ್ರೆ ಶಿವಗಂಗೆ ಬೆಟ್ಟದ ಕಥೆ? ಶಾಂತಲೆಗೆ ಮಕ್ಕಳಿಲ್ಲ, ಅದಕ್ಕೆ ಅಲ್ಲಿಂದ ಹಾರಿ ಪ್ರಾಣ ಬಿಟ್ಟಳು ಅಂತ ಟ್ರೆಕ್ಕಿಂಗ್‌ಗೆ ಹೋದೋರಿಗೆಲ್ಲ ಜಾಗ ತೋರಿಸ್ತಾರೆ. ಶಾಸನದಲ್ಲಿ ಇರೋದು ಇಷ್ಟು: 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹಾರಿದಳು ಅಂತ ಇಲ್ಲ. ಆಮೇಲೆ ಅಮ್ಮ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಲ್ಲಿ ಪ್ರಾಣ ಬಿಟ್ಟಳು. ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮಿದೇವಿಯ ಮಗ. ಈ ಎರಡು ಎಂಟ್ರಿಗಳ ಮಧ್ಯೆ ಇರೋ ಖಾಲಿ ಜಾಗವನ್ನ ನಮ್ಮ ಜನ ಆತ್ಮಹತ್ಯೆಯಿಂದ ತುಂಬಿದ್ದಾರೆ ಅಂತ ನನ್ನ ಅನಿಸಿಕೆ.

ಅದಕ್ಕೇ ನಾನು ಇಂಥ ಕಾದಂಬರಿ ಓದುವಾಗ ಫೋನಿನ ನೋಟ್ಸಲ್ಲಿ ಎರಡು ಕಾಲಂ ಹಾಕ್ತೀನಿ. ಒಂದರಲ್ಲಿ ಕಲ್ಲಿನ ಮೇಲಿರೋದು, ಇನ್ನೊಂದರಲ್ಲಿ ಲೇಖಕರ ಕಲ್ಪನೆ. ಕಲ್ಪನೆ ಅಂದ್ರೆ ಕೀಳಲ್ಲ. ಗಂಡನ ಪೂಜೆ ಮುಗಿಯೋ ತನಕ ಪಕ್ಕದ ಕೋಣೆಯಲ್ಲಿ ರಾಣಿ ಏನು ಯೋಚಿಸ್ತಿದ್ದಳು ಅಂತ ಯಾವ ಶಾಸನವೂ ಹೇಳಲ್ಲ, ಅದಕ್ಕೆ ಕಾದಂಬರಿಯೇ ಬೇಕು. ಆದರೆ ಎರಡು ಕಾಲಂ ಬೆರೆಸಿ ವಾಟ್ಸಾಪ್‌ನಲ್ಲಿ ಇತಿಹಾಸ ಅಂತ ಹಾಕಬೇಡಿ. ಕಲ್ಲಿನ ಕಾಲಂ ಬೇಕಾದೋರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 2ನೇ ಸಂಪುಟ ನೋಡಿ, ಶ್ರವಣಬೆಳಗೊಳದ ಶಾಸನಗಳೆಲ್ಲ ಅಲ್ಲಿವೆ. ಆರ್. ನರಸಿಂಹಾಚಾರ್ ಪರಿಷ್ಕರಿಸಿದ 1923ರ ಆವೃತ್ತಿ ಇಂಟರ್ನೆಟ್ಟಲ್ಲಿ ಉಚಿತವಾಗೇ ಸಿಗುತ್ತೆ.

ಇಷ್ಟೆಲ್ಲ ಹೇಳಿದಾಗ ನಮ್ಮವ್ವ ಸುಮ್ಮನೆ ಕೂತು ಕೇಳಿದ್ರು. ಆಮೇಲೆ, "ಅರಸರ ಮನಿ ಮಾತು ಬ್ಯಾರೆ. ಕಲ್ಯಾಣದಾಗ ಏನಾತು ಹೇಳು?" ಅಂದ್ರು. ಅವ್ವನದು ಪಕ್ಕಾ ಪಾಯಿಂಟು. ಅದೇ 12ನೇ ಶತಮಾನ, ಹರಳಯ್ಯನ ಮಗ, ಮಧುವರಸನ ಮಗಳು. ಇಬ್ಬರ ಮನೆಯವರೂ ಶರಣರೇ, ನಂಬಿಕೆ ಒಂದೇ, ಹುಟ್ಟು ಮಾತ್ರ ಬೇರೆ. ಬಿಜ್ಜಳ ಇಬ್ಬರೂ ಅಪ್ಪಂದಿರನ್ನ ಎಳೆಹೂಟೆ ಹಾಕಿಸಿ ಕೊಲ್ಲಿಸಿದ ಅಂತ ಪರಂಪರೆ ಹೇಳುತ್ತೆ. ಬಿ. ಪುಟ್ಟಸ್ವಾಮಯ್ಯ ಆ ಕಾಲದ ಮೇಲೆ ಆರು ಕಾದಂಬರಿಗಳ ಸರಣಿ ಬರೆದ್ರು, ಕೊನೆಯ 'ಕ್ರಾಂತಿ ಕಲ್ಯಾಣ'ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಂಬಿಕೆ ಒಂದೇ ಆದ್ರೆ ಸಾಕು ಅನ್ನೋ ಅಮೆರಿಕದ ಸೂತ್ರ ಇಲ್ಲಿ ನಿಲ್ಲಲ್ಲ. ಹದಸ್ಸಾ ಕಥೆ ಓದಿದ ಮೇಲೆ ಇದನ್ನ ಓದಿ, ಯಾಕೆ ಅಂತ ಗೊತ್ತಾಗುತ್ತೆ.

ನಮ್ಮ ಮನೆಗಳ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಜ್ಞಾನಸ್ನಾನದ ಮಾತು ಮುಂದಿನ ತಿಂಗಳು ಅವರ ಮನೆಗೆ ಹೋದಾಗ ಮತ್ತೆ ಬರುತ್ತೆ. ಶಾಂತಲದೇವಿಯ ಮೊದಲ ಸಂಪುಟ ಈಗ ಅವಳ ಹತ್ತಿರ ಇದೆ, ಎಪ್ಪತ್ತನೇ ಪುಟದಲ್ಲಿ ನಿಂತಿದ್ದಾಳಂತೆ. ಅವರ ಅಪ್ಪ ಎರಡನೇ ಸಂಪುಟ ಇದೆಯಾ ಅಂತ ಕೇಳಿ ಕಳಿಸಿದ್ದಾರೆ. ಅವರು ಮೊದಲನೆಯದನ್ನ ಯಾವಾಗ ಓದಿ ಮುಗಿಸಿದ್ರೋ!